ತಿಂಗಳ ಮೊದಲ ಭಾನುವಾರ

ರೊಟ್ಟಿಯ ತಟ್ಟೆ ತನ್ನ ಸಾಲಿಗೆ ಬರುವ ಮೊದಲೇ ಪಾರ್ವತಮ್ಮ ಎದ್ದು ಹೊರಗೆ ನಡೆದಳು. ಐದು ವರ್ಷದಿಂದ ಹೀಗೇ. ತಿಂಗಳ ಮೊದಲ ಭಾನುವಾರ, ಕರ್ತನ ಭೋಜನದ ಹೊತ್ತಿಗೆ, ಕೆ.ಆರ್. ಪೇಟೆಯ ಆ ಪುಟ್ಟ ಕ್ರೈಸ್ತ ಸಭೆಯಲ್ಲಿ ಅವಳ ಕುರ್ಚಿ ಖಾಲಿ.

“ಅದೇನ್ ಮುಚ್ಚಿಟ್ಕಂಡವ್ಳೋ,” ಎಂದಳು ಹಿಂದಿನ ಸಾಲಿನ ಸಹನ, ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ.

ಮುಚ್ಚಿಟ್ಟದ್ದೇನೂ ಇರಲಿಲ್ಲ. ನಿನ್ನಿಂದ ನೊಂದವರೊಡನೆ ಮೊದಲು ರಾಜಿಯಾಗು, ಆಮೇಲೆ ನನ್ನ ಬಳಿ ಬಾ ಎಂಬುದು ಕರ್ತನ ಅಪ್ಪಣೆ. ಅದನ್ನು ಅರ್ಧಂಬರ್ಧ ಪಾಲಿಸುವುದು ಪಾರ್ವತಮ್ಮನ ಜಾಯಮಾನವಲ್ಲ. ಅವಳು ಕ್ರೈಸ್ತ ವಿಶ್ವಾಸಕ್ಕೆ ಬಂದ ಹೊಸತು. ಹೆತ್ತವ್ವನ ತಿಥಿಯ ದಿನ, ಎಡೆ ಇಟ್ಟ ಅನ್ನ ಉಣ್ಣಬಾರದೆಂದು, ನೆಂಟರೆಲ್ಲರ ಎದುರು ಎಲೆ ಬಿಟ್ಟು ಎದ್ದುಬಂದಿದ್ದಳು. ಬಡಿಸುತ್ತಿದ್ದ ಅಕ್ಕ ಚಿಕ್ಕಬೋರಮ್ಮ ಸೌಟು ಹಿಡಿದು ನಿಂತೇ ಇದ್ದಳು. ಉಣ್ಣದ್ದಕ್ಕಲ್ಲ, ಅಕ್ಕನಿಗೆ ಒಂದು ಮಾತೂ ಹೇಳದೆ ಬಂದದ್ದಕ್ಕೆ ಕ್ಷಮೆ ಬೇಕಿತ್ತು. ಅದು ಸಿಗುವವರೆಗೆ ರೊಟ್ಟಿ ಮುಟ್ಟುವಂತಿರಲಿಲ್ಲ.

ನಾಗಮಂಗಲದಲ್ಲಿ ಬಸ್ಸು ಬದಲಿಸಿ ಹೊಣಕೆರೆಯಲ್ಲಿ ಇಳಿದಾಗ ಮಧ್ಯಾಹ್ನ. ಅಕ್ಕನದು ಗಂಡ ಮಕ್ಕಳಿಲ್ಲದ ಮನೆ. ಚಿಕ್ಕಬೋರಮ್ಮ ಬಾಗಿಲು ತೆರೆದಿಟ್ಟು ಜಗಲಿಯ ಮೇಲೆ ಕೂತಿದ್ದಳು.

“ಒಂದ್ ಗಂಟೆ ಆಯ್ತು. ಏನ್ ನಡ್ಕಂಡ್ ಬಂದ್ಯಾ?”

“ಬಸ್ಸು ಸಿಗ್ನಿಲ್ಲ ಕಣಕ್ಕ. ಅವತ್ತು ನಂದು ತಪ್ಪಾಯ್ತು. ಮನಸ್ನಿಂದ ಬುಟ್ಬುಡು.”

“ಅಷ್ಟ್ ಸಲೀಸಾ? ಕೂತ್ಕೋ. ಈ ಅವರೆಕಾಳು ಇದುಕು.”

ಪ್ರತಿಸಲವೂ ಒಂದು ಶಿಕ್ಷೆ. ಒಂದು ತಿಂಗಳು ಅವರೆಕಾಳು, ಇನ್ನೊಂದು ತಿಂಗಳು ರಾಗಿ ಕೇರುವುದು, ಮತ್ತೊಮ್ಮೆ ತಲೆಗೆ ಎಣ್ಣೆ ಒತ್ತುವುದು. ಕೊನೆಯ ಬಸ್ಸಿನ ಹೊತ್ತಿಗೆ ಅದೇ ತೀರ್ಪು: “ಇನ್ನೂ ಮನಸ್ಸು ಒಪ್ತಿಲ್ಲ. ಮುಂದಿನ್ ತಿಂಗ್ಳು ಬಾ.” ವಾಪಸ್ಸು ಬರುವಾಗ ಕಿಟಕಿಯತ್ತ ಮುಖ ತಿರುಗಿಸಿ ಅಳುವುದು ಪಾರ್ವತಮ್ಮನಿಗೆ ರೂಢಿಯಾಗಿತ್ತು. ಸಭೆಯಲ್ಲೂ ಒಂಟಿ, ಅಕ್ಕನ ಮನೆಯಲ್ಲೂ ಒಂಟಿ.

ಇವತ್ತು ಅವಳು ಕಾಳು ಮುಟ್ಟಲಿಲ್ಲ.

“ಪಾಸ್ಟರು ಹೇಳವ್ರೆ ಅಕ್ಕ. ಐದ್ ವರ್ಷ ಕೇಳಿದ್ದೀಯ, ನಿನ್ ಕಡೆಯಿಂದ ಎಲ್ಲ ಆಯ್ತು, ಇನ್ ರೊಟ್ಟಿ ತಗೋ ಅಂತ. ಆದ್ರೂ ಬುಟ್ಟೆ ಅನ್ನೋ ಮಾತು ನಿನ್ ಬಾಯಿಂದಾನೇ ಬರ್ಲಿ ಅಂತ ಬಂದೆ. ಇದೇ ಕೊನೆ ಸಾರಿ. ಇನ್ ನಾ ಬರಕಿಲ್ಲ.”

ಚಿಕ್ಕಬೋರಮ್ಮ ಮೊರವನ್ನು ತನ್ನತ್ತ ಎಳೆದುಕೊಂಡಳು. ಬಹಳ ಹೊತ್ತು ಒಬ್ಬಳೇ ಕಾಳು ಹಿದುಕಿದಳು.

“ನೀ ಮೊದಲ್ನೇ ಸಾರಿ ಬಂದ್ಯಲ್ಲ, ಅವತ್ತೇ ಬುಟ್ಬುಟ್ಟಿದ್ದೆ ಕಣೆ,” ಎಂದಳು ಕೊನೆಗೆ, ತಲೆ ಎತ್ತದೆ. “ಅಂಗಂದಿದ್ರೆ, ಎರಡ್ನೇ ಸಾರಿ ಬತ್ತಿದ್ಯಾ?”