ಚಹಾಕ್ಕೂ ಮೊದಲು ಕಣ್ಣು

ಮೈಯಲ್ಲಿ ಸಕ್ಕರೆ ಏರಿದರೆ ಕಪ್ಪು ಕಣ್ಣು ಜೇನಿನ ಬಣ್ಣಕ್ಕೆ ತಿರುಗುತ್ತದೆ, ಇಳಿದರೆ ಮತ್ತೆ ಕಪ್ಪಾಗುತ್ತದೆ. ವರ್ಷಗಟ್ಟಲೆ ಇಳಿಯದೆ ಉಳಿದರೆ ಆ ಬಣ್ಣ ಒಳಗೇ ಕೂತು ದೃಷ್ಟಿಯನ್ನು ತಿನ್ನುತ್ತದೆ. ಅದಕ್ಕೇ ಹುಬ್ಬಳ್ಳಿಯ ಮನೆಗಳಲ್ಲಿ ಬೆಳಗಿನ ಚಹಾಕ್ಕೆ ಮೊದಲು ಒಬ್ಬರ ಕಣ್ಣನ್ನು ಇನ್ನೊಬ್ಬರು ನೋಡುವುದು ರೂಢಿ.

ಕಸೂತಿ ಹಾಕುವ ನೀಲವ್ವನಿಗೆ ಸಣ್ಣ ಹುಡುಗಿಯಾಗಿದ್ದಾಗಲೇ ಸಕ್ಕರೆ ಕಾಯಿಲೆ ಬಂದಿತ್ತು, ಅಂದಿನಿಂದಲೂ ಇನ್ಸುಲಿನ್. ಮದುವೆಯಾದ ಮೇಲೆ ಅವಳ ಕಣ್ಣು ನೋಡುವ ಕೆಲಸ ಗಂಡ ಗುರುಶಾಂತಪ್ಪನದು. ಗದ್ದ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, "ಕರ್ರಗ ಅದಾವ, ಕುಡಿ" ಎಂದು ಅವನು ಹೇಳಿದ ಮೇಲೆಯೇ ಚಹಾ.

ಇವತ್ತು ವರ್ಷದ ತಪಾಸಣೆ. ಡಾಕ್ಟರಮ್ಮ ನೀಲವ್ವನ ಕಣ್ಣೊಳಗೆ ಬೆಳಕು ಬಿಟ್ಟು ನೋಡಿ ನಕ್ಕರು.

"ಒಳಗ ಒಂದು ಕಲೆನೂ ಇಲ್ರಿ. ದಿನಾ ಯಾರು ನೋಡ್ತಾರ?"

"ಇವರ ನೋಡ್ತಾರ್ರಿ" ಎಂದಳು ನೀಲವ್ವ. ಗುರುಶಾಂತಪ್ಪ ಮೀಸೆಯ ಮೇಲೆ ಕೈಯಾಡಿಸಿದ.

"ಹಂಗಾದ್ರ ಇವರ ಕಣ್ಣೂ ನೋಡೂಣು ಬರ್ರಿ."

ನೋಡುತ್ತಿದ್ದಂತೆ ಡಾಕ್ಟರಮ್ಮನ ನಗು ನಿಂತಿತು. "ಯಜಮಾನ್ರ, ನಿಮಗ ಪೊರೆ ಬಂದು ಭಾಳ ದಿನ ಆಗೈತಿ. ಕರಿ ಯಾವುದು, ಜೇನು ಯಾವುದು, ಹೆಂಗ ಗೊತ್ತಾಗತೈತಿ ನಿಮಗ?"

ಗುರುಶಾಂತಪ್ಪನ ಕೈ ಮತ್ತೆ ಮೀಸೆಯ ಕಡೆ ಹೋಗಿ ಅರ್ಧಕ್ಕೇ ಇಳಿಯಿತು.

"ಇವರಿಗೆ ಕಾಣಂಗಿಲ್ಲಂತ ನನಗ ಗೊತ್ತೈತ್ರಿ" ಎಂದಳು ನೀಲವ್ವ. "ಯುಗಾದಿ ದಿನ ಹೋಳಿಗಿ ಜಾಸ್ತಿ ತಿಂದಿದ್ದೆ. ಮರುದಿನಾನೂ ಕರ್ರಗ ಅದಾವ ಅಂದ್ರು. ಆಮ್ಯಾಲೆ ಕುಂಕುಮ ಹಚ್ಕೊಳ್ಳಾಕ ಹೋದ್ರ, ಕನ್ನಡಿ ತುಂಬ ಜೇನು! ಅವತ್ತಿನಿಂದ ನಾನ ನೋಡ್ಕೋತೀನಿ."

"ಮತ್ತ ದಿನಾ ನನ್ನ ಮುಂದ ಬಂದು ಯಾಕ ಕೂಡ್ತಿದ್ದಿ?" ಎಂದ ಗಂಡ.

ನೀಲವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಕನ್ನಡಿ ಗದ್ದಾ ಹಿಡೀತೈತೇನ್ರಿ?"