ಮೆಟ್ಟಿಲಿಲ್ಲದ ಸೇತುವೆ

ಮಗಳನ್ನು ಏಣಿ ಹತ್ತಿಸಿ, ಅವಳು ಸೇತುವೆ ದಾಟಿ ಶಾಲೆಯೊಳಗೆ ಹೋಗುವವರೆಗೂ ಬಣ್ಣದಕ್ಕ ಕಣ್ಣು ಕದಲಿಸಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಒಂದು ಜೀಪು ಬಂದು ನಿಂತಿತು. ಅದರ ಹಿಂದೆಯೇ ಇನ್ನೊಂದು. ಇಳಿದವರಲ್ಲಿ ಒಬ್ಬರು ಕೇಂದ್ರದ ರೈಲ್ವೆ ಎಂಜಿನಿಯರು, ಇನ್ನೊಬ್ಬರು ರಾಜ್ಯದ ರಸ್ತೆ ಎಂಜಿನಿಯರು. ಊರಿನವರು ವರ್ಷಗಟ್ಟಲೆ ಗೋಗರೆದರೂ ಒಟ್ಟಿಗೆ ಬಾರದ ಈ ಮಹಾನುಭಾವರನ್ನು ಒಂದು ಏಣಿ ಕರೆತಂದಿತ್ತು.

ಹಳಿಯ ಮೇಲಿನ ಸೇತುವೆಯನ್ನು ರೈಲ್ವೆ ಎಂದೋ ಕಟ್ಟಿ ಕೈತೊಳೆದುಕೊಂಡಿತ್ತು. ಅದರ ಆಚೆ ತುದಿ ಶಾಲೆಯ ದಿಬ್ಬಕ್ಕೇ ಕೂಡುತ್ತಿತ್ತು. ಈಚೆಯ ಮೆಟ್ಟಿಲು ರಾಜ್ಯದ ಪಾಲು; ಅದು ಮಾತ್ರ ಆಗಿರಲಿಲ್ಲ. ಮಕ್ಕಳು ನಿಂತ ಗೂಡ್ಸ್ ರೈಲಿನ ಅಡಿಯಲ್ಲಿ ನುಸುಳಿ ಶಾಲೆಗೆ ಹೋಗುತ್ತಿದ್ದರು. ನಿನ್ನೆ ಮಗಳು ಅಡಿಯಲ್ಲಿದ್ದಾಗಲೇ ರೈಲು ಅಲುಗಿತು. ಹುಡುಗಿ ಹೇಗೋ ಪಾರಾದಳು, ಚೀಲ ಗಾಲಿಗೆ ಸಿಕ್ಕಿ ಚಿಂದಿಯಾಯಿತು. ಮನೆಗಳಿಗೆ ಬಣ್ಣ ಬಳಿಯುವ ಹೆಂಗಸಿಗೆ ಏಣಿಯೇ ಅನ್ನ. ಆದರೂ ಬೆಳಗಾಗುತ್ತಲೇ ಅದನ್ನು ತಂದು ಸೇತುವೆಗೆ ತಂತಿಯಿಂದ ಬಿಗಿದಿದ್ದಳು.

"ಏಣಿ ತೆಗೀಮ್ಮ. ಸೇತುವೆ ನಮ್ದು," ಎಂದರು ರೈಲ್ವೆಯವರು.

"ನೆಲ ನಮ್ದು. ತೆಗೀಲೇಬೇಕು," ಎಂದರು ರಸ್ತೆಯವರು.

"ಮೆಟ್ಟಿಲು ಯಾರದ್ದು ಸಾರ್?" ಎಂದಳು ಬಣ್ಣದಕ್ಕ.

"ಅವರದ್ದು," ಎಂದು ರೈಲ್ವೆಯವರು ರಸ್ತೆಯವರತ್ತ ಕೈ ತೋರಿಸಿದರು.

"ಕಟ್ಟೋದು ನಾವೇ. ಆದ್ರೆ ಇವರ ಸೇತುವೆ ಮುಟ್ಟೋಕೆ ಇವರ ಒಪ್ಪಿಗೆ ಬೇಕಲ್ಲ?"

"ನೀವು ಕೇಳಿದ್ರೆ ತಾನೇ ಕೊಡೋದು!"

"ನಿಮ್ಮ ಜಗಳ ನಿಮಗಿರಲಿ. ನಾನು ತೆಗಿಯಲ್ಲ," ಎಂದು ಬಣ್ಣದಕ್ಕ ಸೆರಗು ಸಿಕ್ಕಿಸಿಕೊಂಡು ನಿಂತಳು. "ಬೇಕಾದ್ರೆ ನೀವೇ ಬಿಚ್ಕೊಳ್ಳಿ."

ರೈಲ್ವೆಯವರಿಗೆ ರೋಷ ಉಕ್ಕಿತು. ತಂತಿ ಬಿಗಿದಿದ್ದು ಮೇಲೆ, ತಮ್ಮ ಸರಹದ್ದಿನಲ್ಲಿ. ಏಣಿಯಲ್ಲದೆ ಬೇರೆ ದಾರಿಯಿಲ್ಲ. ಅದನ್ನೇ ಹತ್ತಿದರು. ನಡುವೆ ಏಣಿ ತೂಗಿದಾಗ ಹೆದರಿ ಕೂಗಿದರು. ರಸ್ತೆಯವರು ಓಡಿಬಂದು ಬುಡ ಹಿಡಿದುಕೊಂಡರು.

ಮೇಲೆ ಮುಟ್ಟಿ ಒಂದು ಸುತ್ತು ಬಿಚ್ಚಿದ್ದರು ಅಷ್ಟೆ, ಬಣ್ಣದಕ್ಕ ಕೂಗಿ ಹೇಳಿದಳು: "ಏಣಿ ತೆಗೆದ್ಮೇಲೆ ಶಾಲೆ ಕಡೆ ಇಳ್ಕೊಳ್ಳಿ ಸಾರ್. ಅಲ್ಲಿಂದ ಗೂಡ್ಸ್ ಅಡಿ ನುಸುಳಿದ್ರೆ ಈ ಕಡೆ ಬರಬಹುದು. ನಮ್ಮ ಮಕ್ಕಳು ಹಂಗೇ ಬರ್ತಿದ್ರು."

ಕೆಳಗೆ ಹಳಿಯ ಮೇಲೆ ಗೂಡ್ಸ್ ರೈಲು ನಿಂತಿತ್ತು. ರೈಲ್ವೆ ಎಂಜಿನಿಯರು ಅದನ್ನೇ ನೋಡಿದರು. ನೋಡುತ್ತಿದ್ದಂತೆಯೇ ಅದು ಒಮ್ಮೆ ಜಗ್ಗಿತು, ಗಾಲಿಗಳು ಕಿರುಗುಟ್ಟಿದವು.

ಅವರು ಬಿಚ್ಚಿದ ತಂತಿಯನ್ನು ಮತ್ತೆ ಸುತ್ತತೊಡಗಿದರು.

"ಇನ್ನೊಂದು ಸುತ್ತು ಬಿಗೀರಿ ಸಾರ್," ಎಂದರು ಕೆಳಗಿನಿಂದ ರಸ್ತೆಯವರು, "ನಾನು ಹಿಡ್ಕೊಂಡಿದೀನಿ."