ಸಂಗೀತ ಶುರುವಾಗುವ ಮುನ್ನ

ಮಂಜುಗಡ್ಡೆಯ ಅಂಕಣಕ್ಕೆ ಕಾಲಿಟ್ಟ ಮರುಕ್ಷಣವೇ ಹುಡುಗಿ ದೊಪ್ಪನೆ ಬಿದ್ದಳು. ಸ್ಕೇಟಿನ ಬ್ಲೇಡಿಗೆ ಹಾಕಿದ್ದ ಪ್ಲಾಸ್ಟಿಕ್ ಕವರ್ ತೆಗೆಯುವುದನ್ನು ಈ ಸಲವೂ ಮರೆತಿದ್ದಳು. ಜನ ಗೊಳ್ಳೆಂದು ನಕ್ಕರು. ಗ್ಯಾಲರಿಯಲ್ಲಿದ್ದ ಅಮ್ಮ ಮುಖ ಮುಚ್ಚಿಕೊಂಡಳು.

ಹದಿಮೂರರ ಈ ಹುಡುಗಿ ಮೊದಲು ಹೀಗಿರಲಿಲ್ಲ. ಸ್ಪರ್ಧೆಯಲ್ಲಿ ಒಮ್ಮೆಯೂ ಬಿದ್ದವಳಲ್ಲ. ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು ಗೊಂಬೆ ಎನ್ನುತ್ತಿದ್ದರು. ಗೊಂಬೆಗೆ ಮಾತ್ರ ಪ್ರತಿ ಸ್ಪರ್ಧೆಗೂ ಮುಂಚೆ ವಾಂತಿ. ಹೋದ ವರ್ಷವಂತೂ ಎಲ್ಲಿ ಬಿದ್ದುಬಿಡುತ್ತೇನೋ ಎಂದು ಹೆದರಿ, ಅಂಕಣದ ಬಾಗಿಲನ್ನೇ ಹಿಡಿದುಕೊಂಡು ಅತ್ತು, ಆಡದೆಯೇ ಮನೆಗೆ ಬಂದಿದ್ದಳು. ಇನ್ನೊಮ್ಮೆ ಹಾಗಾದರೆ ತಂಡದಲ್ಲಿ ಜಾಗವಿಲ್ಲ ಎಂದು ಕ್ಲಬ್ಬಿನವರು ಹೇಳಿಬಿಟ್ಟಿದ್ದರು.

ಈ ವರ್ಷ ವಾಂತಿ ಹೋಗಿ ಮರೆವು ಬಂತು. ಅಮ್ಮ ಕವರಿಗೆ ಕೆಂಪು ರಿಬ್ಬನ್ ಕಟ್ಟಿ ನೋಡಿದಳು, ಬೈದು ನೋಡಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಹುಡುಗಿಗೆ ನಾಚಿಕೆಯಾದರೂ ಇತ್ತೇ? ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದಳು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನೆಟ್ಟಗೇ ಇದೆ, ನನ್ನ ತಲೆನೇ ಡೊಂಕು."

ಕಿರುಬೆರಳು ಒಂದಿಷ್ಟು ಬಾಗಿದರೂ ಕೆಂಡಾಮಂಡಲವಾಗುವ ಕೋಚ್ ಮೇಡಂ ಇದಕ್ಕೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹೇಳಿ ಹೇಳಿ ಸಾಕಾಗಿರಬೇಕು ಎಂದು ಅಮ್ಮ ಪಾಪ ಅಂದುಕೊಂಡಿದ್ದಳು.

ಹುಡುಗಿ ಎದ್ದು ಹಲ್ಲು ಕಿರಿದಳು. ಕವರ್ ಕಳಚಿ ಮೇಡಂ ಕೈಗೆ ಕೊಟ್ಟಳು. ಸಂಗೀತ ಶುರುವಾಯಿತು. ಜಿಗಿದಳು, ಗಿರಗಿರನೆ ಸುತ್ತಿದಳು, ಒಂದು ಕಡೆ ತಡವರಿಸಿದರೂ ನಗುತ್ತಲೇ ಸಾವರಿಸಿಕೊಂಡಳು. ನಕ್ಕವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಂಡದಲ್ಲಿ ಅವಳ ಜಾಗ ಉಳಿಯಿತು.

ಅಮ್ಮ ಓಡಿ ಬಂದು ಮಗಳನ್ನು ತಬ್ಬಿಕೊಂಡಳು. ತಬ್ಬಿಕೊಂಡೇ, ಎಲ್ಲರೆದುರು ಮಾನ ಹರಾಜಾಯಿತಲ್ಲೇ ಎಂದು ಗೊಣಗಿದಳು. ಸಂಗೀತಕ್ಕೆ ಮುಂಚೆ ಬಿದ್ದರೆ ಅಂಕ ಕಳೆಯುವುದಿಲ್ಲ ಎಂದು ಮಗಳು ಸಮಾಧಾನ ಮಾಡಿದಳು. ಅಮ್ಮ ಕಾರು ತರಲು ಹೋದಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಈಗ ಹುಡುಗಿ, ಮೇಡಂ ಇಬ್ಬರೇ. ಹುಡುಗಿಯ ಮುಖದ ನಗು ಮಾಯವಾಯಿತು. ಹೇಗಿತ್ತು ಎಂದು ಮೆಲ್ಲಗೆ ಕೇಳಿದಳು.

"ಭಯ ಹೋಗಲಿ, ಮೊದಲೇ ಒಂದು ಸಲ ಬಿದ್ದುಬಿಡು ಅಂದಿದ್ದೆ, ನಿಜ," ಎಂದರು ಮೇಡಂ. "ಆದರೆ ಹಾಗಾ ಬೀಳೋದು? ಎಡಗೈ ಮೊದಲೇ ನೆಲಕ್ಕೆ ಹೋಯ್ತು. ನಾಳೆಯಿಂದ ಒಂದೂ ತಪ್ಪಿಲ್ಲದೆ ಬೀಳೋವರೆಗೂ ಅದನ್ನೇ ಅಭ್ಯಾಸ ಮಾಡೋಣ."